ಮೇಣದ ತುಂಡು ಕೇಳಿದ ಡಾಕ್ಟರ್ ಬಾಯಿ

ಅವರ ಬಲಗೈ ಬೆರಳುಗಳ ತುದಿ ಸದಾ ನೇರಳೆ ಬಣ್ಣದಲ್ಲಿರುತ್ತಿತ್ತು. ನೇರಳೆ ಹಣ್ಣಿನ ಗಿಡದ ಕೆಳಗೆ ಮಧ್ಯಾಹ್ನವಿಡೀ ಕಳೆದು ಬಂದ ಮಕ್ಕಳ ಕೈ ಹೇಗಿರುತ್ತದೋ ಹಾಗೆ. ಉಗುರಿನ ಸಂದಿಯಲ್ಲಂತೂ ಬಣ್ಣ ಕಪ್ಪಾಗಿ ಕೂತಿರುತ್ತಿತ್ತು. ಮೊದಲ ಸಲ ನೋಡಿದಾಗ ಮೆಹೆಂದಿ ಕೆಟ್ಟಿರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು. ಎಲುಬಿನೊಳಗಿನ ರಸವನ್ನು ಗಾಜಿನ ಮೇಲೆ ಸವರಿ ಅದಕ್ಕೆ ಬಣ್ಣ ಹಾಕುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಕೈಗವಸು ಹಾಕಿಕೊಳ್ಳಬಾರದೇ ಎಂದು ಕೇಳಿದವರಿಗೆ, "ಅದನ್ನ ಹಾಕ್ಕೊಂಡ್ರ ಗಾಜು ಜಾರ್ತದ. ಬೆರಳಿನ ಬಣ್ಣ ನಾಳಿ ಹೋಗ್ತದ, ಒಡದ ಗಾಜು ಮತ್ತ ಬರಂಗಿಲ್ಲ" ಎನ್ನುತ್ತಿದ್ದರು.

ಅವರು ಸಂಭಾಜಿನಗರದ ದೊಡ್ಡ ಆಸ್ಪತ್ರೆಯಲ್ಲಿದ್ದ ಡಾಕ್ಟರು. ಆದರೆ ನಾಡಿ ಹಿಡಿಯುವವರಲ್ಲ, ಔಷಧಿ ಬರೆಯುವವರಲ್ಲ. ರೋಗಿಯ ಮೈಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ರೋಗ, ಇಷ್ಟು ಹಬ್ಬಿದೆ, ಅಪಾಯ ಇಷ್ಟಿದೆ ಎಂದು ಹೇಳುವವರು. ಅವರು ಹೇಳಿದ ಮೇಲೆ ಮುಂದಿನ ಕಟ್ಟಡದ ಡಾಕ್ಟರುಗಳು ಔಷಧಿ ಬರೆಯುತ್ತಿದ್ದರು. ಇಂಥವರ ಮುಖ ರೋಗಿಗಳಿಗೆ ಕಾಣುವುದೇ ಇಲ್ಲ. ನಮಗೆ ಕಂಡದ್ದು ಮೊದಲು ಕನ್ನಡದ ದೆಸೆಯಿಂದ, ಆಮೇಲೆ ನನ್ನ ಸುಳ್ಳಿನ ದೆಸೆಯಿಂದ.

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ನಮ್ಮದು ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹಳ್ಳಿ. ಅಣ್ಣ ಹುಡುಗನಾಗಿದ್ದಾಗಲೇ ನಾಶಿಕಕ್ಕೆ ಬಂದು ಹೊಲಿಗೆ ಕಲಿತ. ದೇವಳಾಲಿ ಕ್ಯಾಂಪಿನಲ್ಲಿ ಅವನದೊಂದು ಸಣ್ಣ ಅಂಗಡಿ. ಸಿಪಾಯಿಗಳ ವರ್ದಿ ಹೊಲಿಯುವುದು, ಸಡಿಲಾದದ್ದು ಬಿಗಿ ಮಾಡುವುದು, ಬಿಗಿಯಾದದ್ದು ಸಡಿಲು ಮಾಡುವುದು. ಗಂಡ ಹೋದ ಮೇಲೆ ನಾನು ಅಣ್ಣನ ಹತ್ತಿರವೇ ಬಂದೆ. ಪಂಚವಟಿಯಲ್ಲಿ ಇಬ್ಬರದೂ ಒಂದೇ ಮನೆ. ಅವನು ಹೊಲಿದದ್ದಕ್ಕೆ ನಾನು ಕಾಜಾ ಮಾಡಿ ಗುಂಡಿ ಹಚ್ಚುತ್ತೇನೆ. ಅಣ್ಣ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಅಳತಿ ಸರಿ ಕೂಡ್ಲಿಲ್ಲ" ಎನ್ನುತ್ತಾನೆ. ಎಲ್ಲದಕ್ಕೂ ಅವನ ಹತ್ತಿರ ಇಂಥದೊಂದು ಮಾತು ಇರುತ್ತದೆ. ಬೆನ್ನು ನೋವು ಶುರುವಾದಾಗಲೂ, "ಮಷೀನಿಗೆ ಎಣ್ಣಿ ಬಿಡ್ತೀನಿ, ಬೆನ್ನಿಗೆ ಬಿಟ್ಟಿಲ್ಲ, ಅದಕ್ಕ ಸಿಟ್ಟು ಬಂದದ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಂದು ದಿನ ಕೆಮ್ಮಿದಾಗ ಪಕ್ಕೆಲುಬು ಮುರಿಯಿತು. ಬರೀ ಕೆಮ್ಮಿಗೆ. ಆಗ ನಗು ನಿಂತಿತು.

ನಾಶಿಕದ ಡಾಕ್ಟರು ರಕ್ತ ನೋಡಿದರು, ಫೋಟೊ ತೆಗೆಸಿದರು. ಎಲುಬಿನೊಳಗಿನ ಮಜ್ಜೆಯಲ್ಲಿ ಒಂದು ಬಗೆಯ ಕಣಗಳು ಮಿತಿಮೀರಿ ಬೆಳೆದಿರುವ ಹಾಗಿದೆ, ಅದೊಂದು ಕ್ಯಾನ್ಸರು ಎಂದರು. ಸೊಂಟದ ಹಿಂದಿನ ಎಲುಬಿಗೆ ದಪ್ಪ ಸೂಜಿ ಹಾಕಿ ಒಂದು ಚೂರು ತೆಗೆಸಿದರು. ಅದನ್ನು ನೋಡಿದ ಲ್ಯಾಬಿನವರಿಗೆ ಪೂರ್ತಿ ಖಾತ್ರಿಯಾಗಲಿಲ್ಲ. ಸಂಭಾಜಿನಗರಕ್ಕೆ ಒಯ್ಯಿರಿ, ಅಲ್ಲಿ ಇದರಲ್ಲಿ ಪಳಗಿದವರಿದ್ದಾರೆ ಎಂದು ಹೇಳಿ ಎರಡು ಗಾಜಿನ ಪಟ್ಟಿ, ಒಂದು ಮೇಣದ ತುಂಡು ನನ್ನ ಕೈಗೆ ಕೊಟ್ಟರು. ಸಾಬೂನಿನ ಬಿಲ್ಲೆಗಿಂತ ಸಣ್ಣದು. ಅದರ ನಡುವೆ, ಮುರಿದ ಕಡ್ಡಿಯಂತೆ, ಅಣ್ಣನ ಎಲುಬು. "ಜೋಪಾನ ಅಕ್ಕಾ, ಬಿಸಿಲಿಗೆ ಇಡಬೇಡಿ" ಎಂದರು.

ನಾನು ಅದನ್ನು ಬಿಸಿಲಿಗೆ ಇಡಲಿಲ್ಲ. ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ದೇವರ ಹತ್ತಿರ ಇಡುವಂತಿಲ್ಲ, ಅಡುಗೆಮನೆಯಲ್ಲಿ ಇಡುವಂತಿಲ್ಲ. ಕೊನೆಗೆ ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ. ಎದುರು ಮನೆಯ ಆಜಿಗೆ ಹೇಳಿದ್ದೇ ತಪ್ಪಾಯಿತು. ಆ ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡು, ಬದುಕಿರುವವನ ಎಲುಬು ಮನೆಯಲ್ಲಿ ಇಟ್ಟುಕೊಳ್ಳುತ್ತಾರೇನೇ, ಅದು ಅವನನ್ನು ಕರೆಯುತ್ತದೆ ಎಂದಳು.

ನಮ್ಮವರಲ್ಲಿ ಸತ್ತವರನ್ನು ಹೂಳುತ್ತಾರೆ. ಅಸ್ಥಿ ಆರಿಸುವುದು, ನೀರಿಗೆ ಬಿಡುವುದು ನಮ್ಮ ಪದ್ಧತಿಯೇ ಅಲ್ಲ. ಆದರೆ ಪಂಚವಟಿಯಲ್ಲಿ ಇಷ್ಟು ವರ್ಷ ಬಾಳಿದವಳು ನಾನು. ದಿನಾ ಬೆಳಗಾದರೆ ಎಲ್ಲೆಲ್ಲಿಂದಲೋ ಜನ ಅಸ್ಥಿಯ ಕೆಂಪು ಬಟ್ಟೆಯ ಗಂಟು ಹಿಡಿದು ಗೋದಾವರಿಯ ರಾಮಕುಂಡಕ್ಕೆ ಬರುವುದನ್ನು ನೋಡುತ್ತೇನೆ. ಆ ನೀರಿನಲ್ಲಿ ಎಲುಬು ಕರಗಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ತಲೆ ಹೀಗೆ ಓಡಿತು: ರೋಗ ಇರುವುದು ಎಲುಬಿನಲ್ಲಿ. ರೋಗದ ಎಲುಬು ಕರಗಿದರೆ ರೋಗವೂ ಕರಗಬೇಕು. ಗಾಜಿನ ಪಟ್ಟಿಗಳು ಹೇಗೂ ಇವೆಯಲ್ಲ, ಡಾಕ್ಟರು ಅವನ್ನೇ ನೋಡಲಿ.

ಅಣ್ಣ ಅಂಗಡಿಗೆ ಹೋದ ಮೇಲೆ ಮೇಣದ ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ. ಮೆಟ್ಟಿಲ ಮೇಲೆ ಕೂತು ಶಿವಶಿವಾ ಎಂದು ನೀರಿಗೆ ಬಿಟ್ಟೆ. ಅದು ಮುಳುಗಲಿಲ್ಲ. ಮೇಣ ತೇಲುತ್ತದೆ ಎನ್ನುವುದು ನನಗೆ ಹೊಳೆದಿರಲಿಲ್ಲ. ಕೈಯಿಂದ ಒತ್ತಿದೆ, ಪಕ್ಕಕ್ಕೆ ಎದ್ದಿತು. ಇನ್ನೊಮ್ಮೆ ಒತ್ತಿದೆ, ಇನ್ನೂ ದೂರ ಎದ್ದಿತು. ಅಲ್ಲೇ ಹೂ ಮಾರುತ್ತಿದ್ದವಳು ಕೂಗಿ ಹೇಳಿದಳು: "ಅಹೋ ತಾಈ, ತುಮ್ಚಾ ಸಾಬಣ ಚಾಲ್ಲಾ ಬಘಾ." ಅಕ್ಕಾ, ನಿಮ್ಮ ಸಾಬೂನು ಹೊರಟಿತು ನೋಡಿ ಎಂದು. ಹೋಗಲಿ ಬಿಡಿ ಎಂದು ನಾನು ಹಿಂದೆ ನೋಡದೆ ಮನೆಗೆ ಬಂದೆ.

ಆ ವಾರವೇ ಸಂಭಾಜಿನಗರಕ್ಕೆ ಹೋದೆವು. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಕಿಟಕಿಯ ಮುಂದೆ ಗಾಜಿನ ಪಟ್ಟಿ ಹಿಡಿದು ಸಾಲಿನಲ್ಲಿ ನಿಂತಾಗ ಅಣ್ಣ, "ಇಲ್ಲೂ ಪಾಳಿ. ಸತ್ತಮ್ಯಾಲೂ ಪಾಳಿ ಹಚ್ಚಬೇಕೋ ಏನೋ" ಎಂದ. ಒಳಗಿನಿಂದ ಒಂದು ಹೆಣ್ಣು ದನಿ ಕೇಳಿತು: "ಅಲ್ಲಿ ಪಾಳಿ ಇಲ್ಲಂತ್ರಿ. ಅದಕ್ಕ ಯಾರೂ ಅವಸರ ಮಾಡಬಾರ್ದು. ಯಾವ ಊರಿನವರು?"

ಬಿಳಿ ಕೂದಲನ್ನು ತುರುಬು ಕಟ್ಟಿ ಅದರಲ್ಲಿ ಪೆನ್ನು ಸಿಕ್ಕಿಸಿದ್ದ ದಪ್ಪನೆಯ ಹೆಂಗಸು ಬಾಗಿಲಿಗೆ ಬಂದರು. ತವರು ಆಳಂದ ಕಡೆ, ಕೊಟ್ಟದ್ದು ಇಲ್ಲಿ, ಮನೆಯಲ್ಲಿ ಎಲ್ಲರೂ ಮರಾಠಿ. "ಕನ್ನಡ ಮಾತಾಡದ ನಾಲಿಗಿ ತುಕ್ಕು ಹಿಡದದ. ಬರ್ರಿ ಒಳಗ, ಉಜ್ಜೋಣು" ಎಂದು ಕರೆದರು. ಅಣ್ಣ ಆಗಲೇ ಅವರಿಗೆ, ಮರಾಠಿಯವರು ಹೆಂಗಸರನ್ನು ಕರೆಯುವ ಹಾಗೆ, ಡಾಕ್ಟರ್ ಬಾಯಿ ಎಂದು ಹೆಸರಿಟ್ಟ.

ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದರು. ನೋಡುವಾಗ ಅವರು ಗುನುಗುವುದಿಲ್ಲ, ಮಾತಾಡುವುದಿಲ್ಲ, ಕೆಳತುಟಿಯನ್ನು ಮಾತ್ರ ಮೆಲ್ಲನೆ ಕಚ್ಚಿಕೊಂಡಿರುತ್ತಾರೆ. ಆಮೇಲೆ ತಲೆಯೆತ್ತಿ, "ಚೂರು ಸಣ್ಣದು. ಅದರಾಗ ಅರ್ಧ ಜಜ್ಜಿಹೋಗ್ಯಾದ. ಮೇಣದ ತುಂಡು ಕೊಡ್ರಿ. ಇನ್ನೊಂದೀಟು ಒಳಗ ಕೊಯ್ದು ನೋಡ್ತೀನಿ, ಬ್ಯಾರೆ ಬಣ್ಣಾನೂ ಹಾಕಬೇಕು" ಎಂದರು.

ಲ್ಯಾಬಿನವರು ಕೊಟ್ಟಿಲ್ಲ ಎಂದೆ. ಅವರು ಅಲ್ಲಿಂದಲೇ ನಾಶಿಕಕ್ಕೆ ಫೋನ್ ಮಾಡಿದರು. ಕೊಟ್ಟಿದ್ದೇವೆ ಎಂದರು. "ಅಲ್ಲಲ್ಲ, ಕೊಟ್ಟಿದ್ರು" ಎಂದೆ ನಾನು, "ಬಸ್ಸಿನ್ಯಾಗ ಕಳದದ." ಡಾಕ್ಟರ್ ಬಾಯಿ ನನ್ನ ಮುಖವನ್ನು ಗಾಜು ನೋಡಿದ ಹಾಗೆಯೇ ಒಂದು ಗಳಿಗೆ ನೋಡಿದರು. "ಹಂಗಾದ್ರ ಮತ್ತೊಮ್ಮೆ ಸೂಜಿ ಹಾಕಬೇಕಾಗ್ತದ" ಎಂದರು, ಅಣ್ಣನಿಗೆ.

ಅಣ್ಣ ಮಾತ್ರ ಸುಮ್ಮನಾಗಲಿಲ್ಲ. ತನ್ನ ತಂಗಿ ಸುಳ್ಳು ಹೇಳುತ್ತಾಳೆ ಎನ್ನುವುದು ಅವನ ಕನಸಿನಲ್ಲೂ ಇಲ್ಲ. ನಾಶಿಕಕ್ಕೆ ಬಂದವನೇ ಬಸ್ ಡೆಪೊಗೆ ಹೋದ. ಅಲ್ಲಿ ಅರ್ಧ ಜನರ ಖಾಕಿ ಇವನೇ ಹೊಲಿದದ್ದು. ನಮ್ಮ ಬಸ್ಸಿನ ಕಂಡಕ್ಟರನ್ನು ಹುಡುಕಿ, ಮೇಣದ ತುಂಡು ಎಲ್ಲಿ ಎಂದು ಕೇಳಿದ. ಆ ಪಾಪದ ಮನುಷ್ಯ ಸೀಟಿನ ಕೆಳಗೆಲ್ಲ ತಡಕಾಡಿ, ಕಳೆದ ವಸ್ತುಗಳ ಡಬ್ಬಿಯಿಂದ ಅರ್ಧ ಉರಿದ ಮೇಣಬತ್ತಿಯೊಂದನ್ನು ತಂದು, "ಹೀಚ್ ಕಾ ದಾದಾ?" ಇದೇ ಏನಣ್ಣ ಎಂದ. ಅಣ್ಣ ಅವನಿಗೆ ಸಿಕ್ಕಾಪಟ್ಟೆ ಬೈದು ಬಂದ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಅಭಿನಯಿಸಿ ತೋರಿಸಿದ. ನಾನು ನಕ್ಕಂತೆ ಮಾಡಿದೆ.

ಎರಡನೆಯ ಸೂಜಿ ಹಾಕಿದ್ದು ಸಂಭಾಜಿನಗರದಲ್ಲಿ. ಅಣ್ಣ ಪಕ್ಕಕ್ಕೆ ಹೊರಳಿ ಮಲಗಿದ್ದ. ನಾನು ಅವನ ಕೈ ಹಿಡಿದು ನಿಂತಿದ್ದೆ. ಡಾಕ್ಟರ್ ಹುಡುಗ ತನ್ನ ಭುಜದ ಬಲವೆಲ್ಲ ಹಾಕಿ ಸೂಜಿಯನ್ನು ತಿರುಗಿಸುತ್ತಿದ್ದ. ಅಣ್ಣ ಕಣ್ಣು ಮುಚ್ಚಿಕೊಂಡೇ, "ದಪ್ಪ ಕ್ಯಾನ್ವಾಸಿಗೆ ಹದಿನೆಂಟರ ಸೂಜಿ ಹಾಕಪ್ಪಾ, ಇಲ್ಲಂದ್ರ ಮುರೀತದ" ಎಂದ. ಆ ಹುಡುಗ ನಕ್ಕ, ನರ್ಸು ನಕ್ಕಳು. ನನ್ನ ಕೈಯೊಳಗಿನ ಅವನ ಕೈ ಮಾತ್ರ ತಣ್ಣಗಿತ್ತು. ಇದು ನನ್ನಿಂದ ಎಂದು ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ.

ಕೆಲವು ದಿನ ಬಿಟ್ಟು ಡಾಕ್ಟರ್ ಬಾಯಿ ನಮ್ಮಿಬ್ಬರನ್ನೂ ಕರೆಸಿದರು. ಅವರ ಕೋಣೆಯಲ್ಲಿ ಎರಡು ತಲೆಯ ಸೂಕ್ಷ್ಮದರ್ಶಕವಿತ್ತು. ಕಲಿಯುವ ಹುಡುಗರಿಗೆ ತೋರಿಸಲು ಇಟ್ಟದ್ದು. ಅದರ ಒಂದು ತಲೆಗೆ ಅಣ್ಣನನ್ನು ಕೂರಿಸಿ, "ನಿಮ್ಮ ಎಲುಬು, ನೀವೂ ನೋಡ್ರಿ. ಮಂದಿ ನೋಡಿ ನೀವು ನೋಡಲಿಲ್ಲಂದ್ರ ಹ್ಯಾಂಗ" ಎಂದರು. ಏನು ಕಾಣುತ್ತದೆ ಎಂದು ಕೇಳಿದಾಗ ಅಣ್ಣ, "ಮಾಲೇಗಾಂವ್ ಪ್ರಿಂಟ್ ಸೀರಿ ಕಂಡಂಗ ಕಾಣ್ತದ್ರಿ. ಬಣ್ಣ ಓಡ್ಯಾದ" ಎಂದ.

ಅವರು ತಮ್ಮ ತಲೆಯಿಂದ ನೋಡುತ್ತಲೇ ಒಂದೊಂದಾಗಿ ತೋರಿಸಿದರು. ಗುಲಾಬಿ ಬಣ್ಣದ ದಂಡೆ ಎಲುಬು. ಬಿಳಿ ತೂತುಗಳು ಕೊಬ್ಬು. ನಡುವೆ ಸಾಸಿವೆ ಚೆಲ್ಲಿದಂತೆ ನೇರಳೆ ಕಣಗಳು.

"ಇವು ಕಾವಲು ಮಂದಿ. ಜಡ್ಡು ಬಂದ್ರ ಹೊಡೀಲಿಕ್ಕ ಮದ್ದು ತಯಾರ ಮಾಡೋರು. ಮನೀಗೆ ಒಂದಿಬ್ಬರು ಇದ್ರ ಸಾಕು. ನಿಮ್ಮಲ್ಲಿ ಅರ್ಧ ಮನಿ ಅವರದೇ ಆಗ್ಯಾದ. ಇವರನ್ನ ಗುರ್ತು ಹಿಡಿಯೋದು ಹ್ಯಾಂಗ ಅಂದ್ರ, ಕಣದ ನಡಕ ಇರಬೇಕಾದ ಗುಂಡು ಒಂದು ಬದೀಗೆ ಸರದಿರ್ತದ. ಹೊಸಾ ಅಳಿಯ ಮಾವನ ಮನ್ಯಾಗ ಹೊರಸಿನ ತುದೀಗೆ ಕುಂತಂಗ."

"ಹೌದ್ರಿ," ಅಣ್ಣ ಕಣ್ಣು ತೆಗೆಯದೆ ಹೇಳಿದ, "ಎಲ್ಲಾ ಅಳಿಯಂದಿರೇ ಬಂದು ಕುಂತಾರ. ಊಟಕ್ಕ ಹಾಕೋರು ಯಾರು?"

ಡಾಕ್ಟರ್ ಬಾಯಿ ಕುರ್ಚಿ ಅಲುಗುವಂತೆ ನಕ್ಕರು. ಆಮೇಲೆ ಅಪಾಯದ ಮಾತು ಹೇಳಿದರು. ತಾವು ಈ ಗಾಜಿನಲ್ಲಿ ಕೇಳುವುದು, ಎಷ್ಟು ಮಂದಿ, ಎಂಥಾ ಮಂದಿ, ಎಷ್ಟು ಬಿಗಿಯಾಗಿ ಬೇರು ಬಿಟ್ಟಿದ್ದಾರೆ ಎಂದು. ಮಂದಿ ಬಹಳ ಇದ್ದಾರೆ, ಅದು ಒಳ್ಳೆಯದಲ್ಲ. ಆದರೆ ಎಲ್ಲರೂ ಬಲಿತವರು. ಈ ರೋಗದಲ್ಲಿ ಎಳೆಯವೇ ಕೆಟ್ಟವು. ದೊಡ್ಡ ಗುಂಡು, ಅದರೊಳಗೊಂದು ಕಣ್ಣು ಬಿಟ್ಟಂತೆ ಚುಕ್ಕೆ, ಅಂಥವು ಕಂಡರೆ ಅಪಾಯ ಜಾಸ್ತಿ. ಅಣ್ಣನಲ್ಲಿ ಅವು ಕಾಣಲಿಲ್ಲ. ಕೊನೆಗೆ ಬೆಳ್ಳಿಯ ಬಣ್ಣ ಹಾಕಿದ ಇನ್ನೊಂದು ಗಾಜು ಇಟ್ಟರು. ಅದರಲ್ಲಿ ನಾರುಗಳೆಲ್ಲ ಕಪ್ಪು ಎಳೆಗಳಾಗಿ ಕಾಣುತ್ತವಂತೆ. "ನೀವು ಹೇಳ್ರಿ ಟೇಲರ್ ಸಾಹೇಬ್ರ, ನೇಯ್ಗಿ ಹ್ಯಾಂಗದ?"

ಅಣ್ಣ ಅಂಗಡಿಯಲ್ಲಿ ಅರಿವೆ ಹಿಡಿದು ನೋಡುವಾಗಿನ ಮುಖ ಮಾಡಿದ. "ಜಾಳು ಅದ್ರಿ. ಅಲ್ಲಲ್ಲಿ ಎಳಿ ಕೂಡ್ಯಾವ. ಬಿಗಿ ಇಲ್ಲ."

"ನಾನೂ ಅದೇ ಬರದೀನಿ," ಎಂದರು ಅವರು. "ಜಾಳು ಇದ್ದಷ್ಟು ಚಲೋ. ಔಷಧ ಒಳಗ ಹೋಗ್ಲಿಕ್ಕ ಜಾಗ ಇರ್ತದ." ಎರಡು ನಮ್ಮ ಕಡೆ, ಒಂದು ನಮ್ಮ ಎದುರು. ರಕ್ತದ ಪರೀಕ್ಷೆ, ಮುಂಬೈಗೆ ಕಳಿಸಿದ ಪರೀಕ್ಷೆ ಬಂದ ಮೇಲೆ ಎಲ್ಲ ಸೇರಿಸಿ ಹೇಳುವುದು ಎಂದರು. ಅವೂ ಬಂದವು. ಹೆದರುವಂಥದ್ದು ಇರಲಿಲ್ಲ, ಹಿಗ್ಗುವಂಥದ್ದೂ ಇರಲಿಲ್ಲ.

"ಅಂದ್ರ ಇನ್ನ ಎಷ್ಟು ದೀಪಾವಳಿಗೆ ಅಂಗಿ ಹೊಲೀಬಹುದ್ರಿ?" ಅಣ್ಣ ಕೇಳಿದ.

"ನಾ ಜೋಯಿಸರಾಕಿ ಅಲ್ಲ. ರಸ್ತಾ ಹ್ಯಾಂಗದ ಅಂತ ನೋಡಿ ಹೇಳಾಕಿ. ಗಾಡಿ ಯಾವಾಗ ಮುಟ್ಟತದ ಅಂತ ಹೇಳಂಗಿಲ್ಲ. ನಿಮ್ಮದು ನೀವು ಬರೋ ಹಾದ್ಯಾಗ ಯೇವಲಾದಿಂದ ವೈಜಾಪುರ ರಸ್ತಾ ಇದ್ದಂಗ."

"ತಗ್ಗು ಭಾಳ ಅವಲ್ರಿ ಅದಕ್ಕ."

"ಅವ. ಆದ್ರೂ ಬಸ್ ದಿನಾ ಹೊಂಟಾವಲ್ಲ."

ಅಣ್ಣ ಈ ಮಾತನ್ನು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ. ತನ್ನ ರೋಗಕ್ಕೆ ವೈಜಾಪುರ ರಸ್ತಾ ಎಂದೇ ಹೆಸರಿಟ್ಟ.

ಅವತ್ತು ಅಣ್ಣ ಮುಂದಿನ ಕಟ್ಟಡಕ್ಕೆ ಇಂಜೆಕ್ಷನ್ ಬರೆಸಿಕೊಳ್ಳಲು ಹೋದಾಗ ಕೋಣೆಯಲ್ಲಿ ಅವರೂ ನಾನೂ ಉಳಿದೆವು. ಇಷ್ಟು ನೋಡಿದ ಮೇಲೆ ಈ ಚೂರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಗೋಡೆಯ ಕಬ್ಬಿಣದ ಡ್ರಾವರ್ ಎಳೆದರು. ಸಾಲು ಸಾಲು ಮೇಣದ ತುಂಡು. "ಇಡ್ತೀವಿ. ನಾಳಿ ಜಡ್ಡು ಮತ್ತ ತಲಿ ಎತ್ತಿದ್ರ ಹಿಂದ ಹ್ಯಾಂಗಿತ್ತು ಅಂತ ನೋಡಬೇಕಲ್ಲ. ಹೋದೋರ್ದೂ ಅವ, ಇದ್ದೋರ್ದೂ ಅವ."

"ಇದ್ದೋರ ಎಲುಬು ಹಿಂಗ ಇಟ್ಟರ ಅಪಶಕುನ ಅಲ್ಲೇನ್ರಿ?"

ಅವರು ಡ್ರಾವರ್ ಮುಚ್ಚಲಿಲ್ಲ. "ತಂಗಿ, ಆ ತುಂಡು ಬಸ್ಸಿನ್ಯಾಗ ಕಳೀಲಿಲ್ಲ, ಹೌದಲ್ಲೋ?" ಎಂದರು.

ನಾನು ಎಲ್ಲ ಹೇಳಿದೆ. ಟ್ರಂಕು, ಆಜಿ, ಕುಂಡ, ಎಲ್ಲ. ಹೂ ಮಾರುವವಳು ಸಾಬೂನು ಎಂದು ಕೂಗಿದ್ದನ್ನು ಹೇಳುವಾಗ ಅವರ ಭುಜ ಅಲುಗಲು ಶುರುವಾಯಿತು. "ತೇಲ್ತು?" ಎಂದರು. "ತೇಲ್ತ್ರಿ." "ಒತ್ತಿದ್ರಿ?" "ಒತ್ತಿದೆ." "ಮತ್ತ ಎದ್ದಿತು?" ಅವರು ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡು ಬಿಕ್ಕಿ ಬಿಕ್ಕಿ ನಕ್ಕರು. ನನಗೂ ನಗು ಬಂತು. ಅಷ್ಟು ದಿನದ ಭಾರ ಇಳಿಯಿತು ಎಂದುಕೊಂಡೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಕ್ಕೀನಿ ಅಂತ ಮಾಫ್ ಮಾಡೀನಿ ಅಂತ ತಿಳೀಬ್ಯಾಡ್ರಿ. ಮಾಫ್ ಮಾಡ್ಲಿಕ್ಕ ಸೂಜಿ ಹಾಕಿದ್ದು ನನಗಲ್ಲ."

ಆ ತುಂಡು ಇದ್ದಿದ್ದರೆ ಎರಡನೆಯ ಸೂಜಿ ತಪ್ಪುತ್ತಿತ್ತೇ ಎಂದು ಕೇಳಿದೆ. ಇಲ್ಲ ಎನ್ನಲಿ ಎಂದು ನನ್ನ ಆಸೆ.

"ತಪ್ಪತಿತ್ತೇನೋ. ತಪ್ಪತಿರಲಿಲ್ಲೇನೋ. ಗೋದಾವರಿ ಹೇಳಬೇಕು," ಎಂದರು. "ನಾ ನಿಮ್ಮ ಅಣ್ಣಗ ಹೇಳಂಗಿಲ್ಲ. ನೀವ ಹೇಳಬೇಕು. ಹೇಳಾಗ ಒಂದು ಧ್ಯಾನದಾಗ ಇಡ್ರಿ, ಅಳಬ್ಯಾಡ್ರಿ. ನೀವು ಅತ್ತರ ಅವರು ನಿಮ್ಮ ಸಮಾಧಾನ ಮಾಡ್ಕೋತ ಕೂಡ್ತಾರ. ಅವರ ಮಾತು ಅವರ ಹೊಟ್ಟ್ಯಾಗೇ ಉಳೀತದ. ಹೇಳಿ ಸುಮ್ಮ ಕೂಡ್ರಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಔಷಧಿ ಹಿಡಿಯಿತು. ಅಣ್ಣನ ಬೆನ್ನು ನೆಟ್ಟಗಾಯಿತು, ಮತ್ತೆ ಮಷೀನಿಗೆ ಕೂತ. ಕೆಲವು ತಿಂಗಳಿಗೊಮ್ಮೆ ನಾವು ಸಂಭಾಜಿನಗರಕ್ಕೆ ಹೋಗುತ್ತಿದ್ದೆವು. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ಹಿಂದಿನ ಕಟ್ಟಡಕ್ಕೆ ಹೋಗಿ ಅವರನ್ನು ಕಂಡೇ ಬರುತ್ತಿದ್ದೆವು. ಅವರ ಬಗ್ಗೆ ಎಷ್ಟೋ ತಿಳಿದದ್ದು ಆಗ. ಕೋಣೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಹೊರಗೆ ಬೇವಿನ ಮರದ ಕಟ್ಟೆಗೆ ಬಂದು ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತು, ಹಳ್ಳಿಯ ಹೆಂಗಸರ ಹಾಗೆ ಊಟ ಮಾಡುತ್ತಿದ್ದರು. ಒಂದು ಗಾಜನ್ನು ಬೆಳಿಗ್ಗೆ ನೋಡಿದರೆ ಊಟದ ಮೇಲೆ ಮತ್ತೆ ನೋಡದೆ ಬರೆಯುತ್ತಿರಲಿಲ್ಲ. "ಹಸದ ಕಣ್ಣಿಗೆ ಎಲ್ಲಾ ಕೆಟ್ಟದ್ದೇ ಕಾಣ್ತದ, ಉಂಡ ಕಣ್ಣಿಗೆ ಎಲ್ಲಾ ಚಲೋದೇ ಕಾಣ್ತದ. ಎರಡೂ ಕಣ್ಣಿಗೆ ಒಂದೇ ಕಂಡ್ರ ಬರೀತೀನಿ" ಎನ್ನುತ್ತಿದ್ದರು.

ಒಮ್ಮೆ ಅವರ ಕೈಕೆಳಗೆ ಕಲಿಯುತ್ತಿದ್ದ ಹುಡುಗಿಯೊಬ್ಬಳು ಯಾವುದೋ ಗಾಜು ನೋಡಿ, ಇದು ಬಹಳ ಅಪಾಯದ್ದು ಎಂದು ಥಟ್ಟನೆ ಹೇಳಿದಳು. ನಾವು ಅಲ್ಲೇ ಇದ್ದೆವು. ಡಾಕ್ಟರ್ ಬಾಯಿ ಅವಳಿಗೆ ಮರಾಠಿಯಲ್ಲಿ ಕೇಳಿದರು, ಈ ಗಾಜಿನ ಮನುಷ್ಯನಿಗೆ ವಯಸ್ಸೆಷ್ಟು, ನೋವು ಎಲ್ಲಿ, ಯಾವ ಕೆಲಸ ಮಾಡುತ್ತಾನೆ? ಅವಳಿಗೆ ಗೊತ್ತಿರಲಿಲ್ಲ. ಹೋಗಿ ಅವನನ್ನು ನೋಡಿಕೊಂಡು ಬಾ, ಆಮೇಲೆ ಅಪಾಯದ ಮಾತು ಆಡು ಎಂದು ಕಳಿಸಿದರು. ಹುಡುಗಿ ಮುಖ ಸಣ್ಣ ಮಾಡಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಓಡಿ ಬಂದು, ಆತ ದ್ರಾಕ್ಷಿ ತೋಟದವನು, ದಿಂಡೋರಿಯವನು, ತನಗೆ ದ್ರಾಕ್ಷಿ ಕೊಟ್ಟ ಎಂದು ಹೇಳಿದಳು. "ಅಪಾಯ ಕಡಿಮಿ ಆತೇನು?" ಎಂದು ಅಣ್ಣ ನನ್ನ ಕಿವಿಯಲ್ಲಿ ಕೇಳಿದ. ಅದು ಅವರಿಗೆ ಕೇಳಿಸಿತು. "ಇಲ್ಲ," ಎಂದರು, "ಆದ್ರ ಈಗ ಆಕಿ ಎರಡ ಸಲ ನೋಡ್ತಾಳ."

ಅವರಿಗೆ ಶೇಂಗಾ ಹಿಂಡಿ ಎಂದರೆ ಪ್ರಾಣ. ನಾನು ಪ್ರತಿ ಸಲ ಡಬ್ಬಿ ತುಂಬ ಕುಟ್ಟಿ ಒಯ್ಯುತ್ತಿದ್ದೆ. ಅವರು ಡಬ್ಬಿ ತೆಗೆದು ಮೂಸಿ, ಅಣ್ಣನ ಬೆನ್ನ ಹಿಂದಿನಿಂದ ನನ್ನತ್ತ ಹುಬ್ಬು ಎತ್ತುತ್ತಿದ್ದರು. ಹೇಳಿದಿರಾ ಎಂದು ಅದರ ಅರ್ಥ. ನಾನು ತಲೆ ತಗ್ಗಿಸುತ್ತಿದ್ದೆ. ಒಂದು ಸಲ ಬಾಗಿಲವರೆಗೆ ಬಂದು ಮೆಲ್ಲಗೆ, "ಹಿಂಡಿ ಚಲೋ ಆಗ್ಯಾದ. ಲಂಚ ನಡಿಯಂಗಿಲ್ಲ" ಎಂದರು. ಇನ್ನೊಂದು ಸಲ, ಮುಂದಿನ ಸಲ ಬರುವಷ್ಟರಲ್ಲಿ ಹೇಳಿರುತ್ತೇನೆ ಎಂದು ನಾನು ಅಂದಾಗ, "ನಿಮ್ಮ ಮುಂದಿನ ಸಲಕ್ಕೂ ವಯಸ್ಸಾಗ್ತದ ತಂಗಿ" ಎಂದರು. ಸಿಟ್ಟಿನಿಂದ ಅಲ್ಲ. ಕೊನೆಕೊನೆಗೆ ಹುಬ್ಬು ಎತ್ತುವುದನ್ನೂ ಬಿಟ್ಟರು. ನನಗೆ ಅದೇ ಹೆಚ್ಚು ಚುಚ್ಚಿತು.

ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡರೆ ಇಷ್ಟೇ: ಅಣ್ಣ ನಕ್ಕುಬಿಡುತ್ತಾನೆ ಎಂದು ಒಂದು ದಿನ ಅನ್ನಿಸುತ್ತಿತ್ತು, ನಗದೇ ಹೋದರೆ ಎಂದು ಇನ್ನೊಂದು ದಿನ. ಅವನು ನಗುತ್ತಿರುವಷ್ಟು ದಿನ ಎಲ್ಲ ಸರಿ ಇದೆ ಎಂದು ನಾನು ನಂಬಿಕೊಂಡಿದ್ದೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೋದಾಗ ಅವರ ಕೋಣೆಯಲ್ಲಿ ಆ ದ್ರಾಕ್ಷಿಯ ಹುಡುಗಿ ಕೂತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು. ಕಸ ಗುಡಿಸುವ ಮಾವಶಿ ಹೊರಗೆ ಕರೆದು ಹೇಳಿದಳು. ಹಬ್ಬದ ಹಿಂದಿನ ದಿನ ಮನೆಯಲ್ಲಿ ಎಳ್ಳು ಹುರಿಯುತ್ತಾ ಕೂತಲ್ಲೇ ವಾಲಿದರಂತೆ. ಹೃದಯ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲವಂತೆ. ಅಣ್ಣ ತಲೆಯ ಮೇಲಿನ ಟೋಪಿ ತೆಗೆದ. ಬೇವಿನ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವನ ಹತ್ತಿರ ಮಾತು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಸಂಜೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಣ್ಣ ವರ್ದಿಯೊಂದರ ಹೊಲಿಗೆ ಬಿಚ್ಚುತ್ತಿದ್ದ. ನಾನು ಗುಂಡಿ ಹಚ್ಚುವುದನ್ನು ನಿಲ್ಲಿಸಿ ಎಲ್ಲ ಹೇಳಿದೆ. ಅವರು ಹೇಳಿಕೊಟ್ಟ ಹಾಗೆಯೇ, ಅಳದೆ. ಹೇಳಿ ಸುಮ್ಮನೆ ಕೂತೆ.

ಅಣ್ಣ ನಗಲಿಲ್ಲ. ಒಂದೊಂದೇ ದಾರ ಕಿತ್ತು ಪಕ್ಕಕ್ಕಿಡುತ್ತಾ ಹೋದ. "ಆ ಕಂಡಕ್ಟರ್‌ಗ ಏನೇನ ಅಂದು ಬಂದೆ ನಾನು," ಎಂದ. ಹೊರಗೆ ಲಾರಿಯೊಂದು ಹೋಯಿತು. ಸಮಾಧಾನದ ಮಾತು ಕೇಳಲು ನನ್ನ ನಾಲಿಗೆ ಎಷ್ಟು ತುಡಿಯಿತೆಂದರೆ ತುಟಿ ಕಚ್ಚಿಕೊಂಡೆ.

"ಎರಡನೇದು ಭಾಳ ನೋಯ್ತು," ಎಂದ ಅಣ್ಣ, ತಲೆಯೆತ್ತದೆ. "ಮದಲಿನದು ಏನೂ ಅಲ್ಲ. ಎರಡನೇದು ಜೀವ ಹೋದಂಗ ಆಗಿತ್ತು. ನಿನ್ನ ಮಾರಿ ನೋಡಿದೆ, ಬಿಳಿ ಆಗಿತ್ತು. ಇಕಿ ಬೀಳ್ತಾಳ ಅಂತ ಚ್ಯಾಷ್ಟಿ ಮಾಡಿದೆ."

"ಹುಚ್ಚಿ ಅದಿ ನೀ," ಎಂದ. ಇನ್ನೊಂದು ದಾರ ಕಿತ್ತು, "ಸಿಟ್ಟು ಬಂದದ ನನಗ. ಇವತ್ತ ಹೋಗಂಗಿಲ್ಲ ಅದು" ಎಂದ.

"ಇರ್ಲಿ," ಎಂದೆ.

ಅವನು ಕತ್ತರಿ ಕೆಳಗಿಟ್ಟ. ಎಡಗೈಯನ್ನು ಬಲ ಪಕ್ಕೆಗೆ ಒತ್ತಿಕೊಂಡ. "ಖರೇ ಹೇಳೋದಿದ್ರ ನಾನೂ ಹೇಳ್ತೀನಿ. ಇಲ್ಲಿ ಮತ್ತ ನೋಯ್ಲಕತ್ತದ. ದೀಪಾವಳಿಯಿಂದ. ನಿನ್ನಿ ಡಾಕ್ಟರ್‌ಗ ಹೇಳ್ಲಿಲ್ಲ. ಬಾಯಿಯವರ ಸುದ್ದಿ ಕೇಳಿ ಮನಸಾಗ್ಲಿಲ್ಲ. ಅದಕ್ಕಿಂತ ಮದ್ಲನೂ ಹೇಳ್ಲಿಲ್ಲ. ನೀ ಅಂಜತಿ ಅಂತ."

ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದೆವು. ಫೋಟೊ ತೆಗೆದರು. ಒಂದು ಪಕ್ಕೆಲುಬಿನಲ್ಲಿ ರೋಗ ಮತ್ತೆ ತಲೆ ಎತ್ತುತ್ತಿತ್ತು. ಸೂಜಿ ಹಾಕಿ ಹೊಸದೊಂದು ಚೂರು ತೆಗೆದರು. ಕೆಲವು ದಿನ ಬಿಟ್ಟು ದ್ರಾಕ್ಷಿಯ ಹುಡುಗಿ ಕಬ್ಬಿಣದ ಡ್ರಾವರ್‌ನಿಂದ ಅಣ್ಣನ ಮೇಣದ ತುಂಡು ತೆಗೆದು ಕೊಯ್ದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಊಟದ ಮೇಲೆ ಇನ್ನೊಮ್ಮೆ ನೋಡಿದಳು. ಕಣಗಳು ಅಂಥವೇ, ಎಳೆಯವಾಗಿಲ್ಲ ಎಂದಳು. ಬೇಗ ಬಂದಿರಿ, ಬೆನ್ನುಮೂಳೆಗೆ ಇಳಿದ ಮೇಲೆ ಬಂದಿದ್ದರೆ ನಡೆಯುವುದೇ ಕಷ್ಟವಾಗುತ್ತಿತ್ತು ಎಂದು ಮುಂದಿನ ಕಟ್ಟಡದ ಡಾಕ್ಟರು ಹೇಳಿದರು. ಔಷಧಿ ಬದಲಾಯಿಸಿದರು, ಪಕ್ಕೆಗೆ ಕೆಲವು ದಿನ ಕರೆಂಟು, ಅಂದರೆ ರೋಗ ಸುಡುವ ಕಿರಣ, ಕೊಟ್ಟರು. ಅಣ್ಣ ಮತ್ತೆ ಅಂಗಡಿಗೆ ಹೋಗುತ್ತಿದ್ದಾನೆ.

ಅವರು ಬದುಕಿದ್ದಾಗಲೇ ಹೇಳಿದ್ದರೆ ಎಂದು ದಿನಾ ಅನ್ನಿಸುತ್ತದೆ. ಅಣ್ಣನ ಹೊಟ್ಟೆಯಲ್ಲಿ ಉಳಿದ ಮಾತು ಯಾವುದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಉಳಿದಿದೆ ಎಂದಂತೂ ಗೊತ್ತಿತ್ತು. ನಾನು ಅವರನ್ನು ಅಷ್ಟು ವರ್ಷ ಕಾಯಿಸಿದೆ.

ಅಣ್ಣ ಈಗ ನೋವಾದರೆ ಹೇಳುತ್ತಾನೆ. ಸಣ್ಣಪುಟ್ಟದ್ದನ್ನೂ ಬಿಡುವುದಿಲ್ಲ. ಮೊಣಕಾಲು, ಕುತ್ತಿಗೆ, ಹಲ್ಲು, ಒಂದೊಂದರ ಮೇಲೂ ದೂರು. ಎದುರು ಮನೆಯ ಆಜಿ, ನಿಮ್ಮಣ್ಣ ಮುದುಕನಾದ, ಬರೀ ನರಳುತ್ತಾನೆ ಎನ್ನುತ್ತಾಳೆ. ಇವತ್ತು ಬೆಳಿಗ್ಗೆ ಹೆಬ್ಬೆರಳು ಹಿಡಿದುಕೊಂಡು ಬಂದು, ಇಲ್ಲಿ ನೋಯುತ್ತದೆ ಎಂದ. ಒಲೆ ಆರಿಸಿ ಅವನ ಹತ್ತಿರ ಹೋಗಿ ಕೂತೆ.